ಹೊಲದ ಗಾಯ, ಮನೆಯ ಶುಶ್ರೂಷೆ



ಮಾವಿನ ಕಸಿ ಕಟ್ಟುವುದನ್ನು ಹಳ್ಳಿಗಳಲ್ಲಿ ತೋರಿಸುವಾಗ ನಾನು ಮೂರು ಮಾತು ಹೇಳುವುದುಂಟು. ಚಾಕು ಶುದ್ಧವಾಗಿರಬೇಕು, ಕಟ್ಟಿನೊಳಗೆ ನೀರು ಇಳಿಯಕೂಡದು, ದಿನವೂ ಬಿಚ್ಚಿ ನೋಡಕೂಡದು. ಇದನ್ನು ನೀವು ತಪ್ಪದೆ ನಡೆಸುತ್ತೀರಿ. ಆದರೆ ಅದೇ ಚಾಕು ಜಾರಿ ಬೆರಳು ಕೊಯ್ದರೆ ಮಾತ್ರ ಸಗಣಿ, ಮಣ್ಣು, ಕಾಫಿಪುಡಿ, ಹೊಗೆಸೊಪ್ಪು, ಕೈಗೆ ಸಿಕ್ಕಿದ್ದನ್ನು ಮೆತ್ತಿಬಿಡುತ್ತೀರಿ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಹೋದ ವರ್ಷ ಗುದ್ದಲಿ ತಾಗಿ ಹೆಬ್ಬೆರಳು ಒಡೆದಾಗ ನಾನೇ ಸುಣ್ಣ ಹಚ್ಚಿಕೊಂಡು ಒಂದು ತಿಂಗಳು ಕುಂಟಿದೆ. ಕೃಷಿ ಡಿಪ್ಲೊಮಾದಲ್ಲಿ ಗಾಯದ ಪಾಠವಿರಲಿಲ್ಲ. ಇಲ್ಲಿ ಬರೆದಿರುವುದನ್ನು ಆಮೇಲೆ ಆರೋಗ್ಯ ಕೇಂದ್ರದಲ್ಲಿ ಕೇಳಿ ತಿಳಿದುಕೊಂಡೆ.

ಮೊದಲು ರಕ್ತ. ಶುದ್ಧವಾದ ಬಟ್ಟೆಯನ್ನು ಗಾಯದ ಮೇಲಿಟ್ಟು 10 ನಿಮಿಷ ಅದುಮಿ ಹಿಡಿಯಿರಿ. ನಿಂತಿತೇ ಎಂದು ನಡುನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟುತ್ತಿದ್ದ ರಕ್ತ ಮತ್ತೆ ಹರಿಯುತ್ತದೆ. ಕೈ ಕಾಲನ್ನು ಎತ್ತರದಲ್ಲಿಡಿ. ಬಟ್ಟೆ ನೆನೆದರೆ ಅದನ್ನು ಕೀಳದೆ ಮೇಲೊಂದು ಇಟ್ಟು, ಅದುಮಿಕೊಂಡೇ ಆಸ್ಪತ್ರೆಗೆ ಹೊರಡಿ. ರಕ್ತ ನಿಂತ ಬಳಿಕ, ಗಾಯ ಸಣ್ಣದಾಗಿದ್ದರೆ ಶುದ್ಧ ನೀರನ್ನು ಧಾರೆಯಾಗಿ ಬಿಟ್ಟು ಮಣ್ಣು ಹೋಗುವ ತನಕ ತೊಳೆಯಿರಿ. ಹೊಲಿಗೆ ಬೇಕಾಗುವಷ್ಟು ಬಾಯಿಬಿಟ್ಟ ಗಾಯವಾದರೆ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ತಡವಾದಷ್ಟೂ ಕ್ರಿಮಿ ಹೆಚ್ಚುತ್ತದೆ, ಆಮೇಲೆ ವೈದ್ಯರೂ ಹೊಲಿಯಲು ಹಿಂಜರಿಯುತ್ತಾರೆ.

ಸಗಣಿಯ ಮಾತನ್ನು ಇಷ್ಟಕ್ಕೇ ಬಿಡುವಂತಿಲ್ಲ. ಧನುರ್ವಾಯು ತರುವ ಕ್ರಿಮಿಯ ಬೀಜಾಣುಗಳು ಇರುವುದೇ ಮಣ್ಣಿನಲ್ಲಿ, ದನ ಕುದುರೆಗಳ ಲದ್ದಿಯಲ್ಲಿ. ಅವು ವರ್ಷಗಟ್ಟಲೆ ಸಾಯವು. ಗಾಳಿಯಾಡದ ಜಾಗ ಸಿಕ್ಕರೆ ಮೊಳೆಯುತ್ತವೆ. ಮೊಳೆ ಚುಚ್ಚಿದ ಆಳವಾದ ಗಾಯ ಅಂಥ ಜಾಗ. ಸಗಣಿ ಮೆತ್ತಿ ಮುಚ್ಚಿದರೆ ಬೀಜವನ್ನೂ ಬಿತ್ತಿ ಮೇಲೆ ಮಣ್ಣನ್ನೂ ಎಳೆದಂತಾಯಿತು. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ. ಅಷ್ಟರಲ್ಲಿ ಗಾಯ ಮಾಯ್ದಿರಲೂಬಹುದು. ಗಾಯವಾದಾಗಲೆಲ್ಲ, ಹಿಂದಿನ ಚುಚ್ಚುಮದ್ದು ಯಾವಾಗ ಆಗಿತ್ತೆಂದು ಹೇಳಿ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿರಿ. ಮಕ್ಕಳಿಗೂ ಬಸುರಿಯರಿಗೂ ಲಸಿಕೆ ತಪ್ಪುವುದು ಕಡಿಮೆ. ಮರೆತುಹೋಗುವವರು ಹೊಲದಲ್ಲಿ ದುಡಿಯುವ ಗಂಡಸರೇ. ಒಮ್ಮೆ ಧನುರ್ವಾಯು ಬಂದು ಬದುಕಿದವನಿಗೂ ಲಸಿಕೆ ಬೇಕು, ಏಕೆಂದರೆ ಆ ರೋಗ ಮತ್ತೆ ಬಾರದಂತೆ ಕಾಪಾಡುವುದಿಲ್ಲ.

ಇನ್ನು ಶುಶ್ರೂಷೆಯ ವಿಷಯ. ಇದನ್ನು ನಾನು ಕಣ್ಣಾರೆ ಕಂಡದ್ದು ನಮ್ಮ ಒಬ್ಬ ಹಿರಿಯ ರೈತರ ಮನೆಯಲ್ಲಿ. ಅವರಿಗೆ ಸಕ್ಕರೆ ಕಾಯಿಲೆ. ಬರಿಗಾಲಿನಲ್ಲಿ ಕಬ್ಬಿನ ಗದ್ದೆಗೆ ಹೋದಾಗ ಕೂಳೆ ಚುಚ್ಚಿತು. ಕಾಯಿಲೆಯಿಂದ ನರಗಳ ಅರಿವು ಕುಂದಿದ್ದ ಪಾದಕ್ಕೆ ನೋವೇ ತಿಳಿಯಲಿಲ್ಲ. ಒಂಬತ್ತು ದಿನ ನೀರು ಕಟ್ಟಿದರು, ಗೊಬ್ಬರ ಹೊತ್ತರು. ಮೊಮ್ಮಗ "ತಾತನ ಕಾಲು ನಾರುತ್ತೆ" ಎಂದಾಗ ಮನೆಯವರು ನೋಡಿದರು. ಎರಡು ಬೆರಳು ಹೋದವು. ಪಾದವೂ ಉಳಿಯುವುದು ಸಂಶಯವೆಂದು ಜಿಲ್ಲಾ ಆಸ್ಪತ್ರೆಯಲ್ಲಿ ಹೇಳಿದ್ದರು.

ಅಲ್ಲಿನ ದಾದಿಯೊಬ್ಬರು ಸೊಸೆಯನ್ನು ಹತ್ತಿರ ಕೂರಿಸಿಕೊಂಡು ಮೊದಲ ದಿನ ಪಟ್ಟಿ ಬದಲಿಸುವುದನ್ನು ತಾವು ಮಾಡಿ ತೋರಿಸಿದರು. ಎರಡನೆಯ ದಿನ ಸೊಸೆಯ ಕೈಯಿಂದಲೇ ಮಾಡಿಸಿದರು. ಮೂರನೆಯ ದಿನ, "ಊರಿಗೆ ಹೋದಮೇಲೆ ಏನು ಮಾಡುವೆ, ನನಗೆ ಹೇಳು" ಎಂದು ಕೇಳಿದರು. ಆಕೆ ಕೈ ತೊಳೆಯುವುದನ್ನು ಬಿಟ್ಟು ಹೇಳಿದಳಂತೆ. ಮತ್ತೆ ಮೊದಲಿನಿಂದ ಹೇಳಿಸಿದರು. ಪ್ರಾತ್ಯಕ್ಷಿಕೆ ತೋರಿಸಿ, ತಲೆಯಾಡಿಸಿದವರನ್ನು ಲೆಕ್ಕ ಹಾಕಿ ಮನೆಗೆ ಬರುವ ನನ್ನಂಥವನಿಗೆ ಇದು ಕೇಳಿ ನಾಚಿಕೆಯಾಯಿತು.

ಆಕೆ ನಡೆಸಿದ ಕ್ರಮ ಹೀಗಿತ್ತು. ಒಂದು ಲೀಟರು ನೀರಿಗೆ ಮಟ್ಟಸವಾದ ಒಂದೂವರೆ ಟೀ ಚಮಚ, ಅಂದರೆ ಸುಮಾರು 9 ಗ್ರಾಂ ಉಪ್ಪು ಹಾಕಿ ಕುದಿಸಿ, ಮುಚ್ಚಿ ಆರಿಸುವುದು. ಮಿಕ್ಕದ್ದನ್ನು ನಾಳೆಗೆ ಇಡುವುದಿಲ್ಲ. ಸೋಪಿನಿಂದ ಕೈ ತೊಳೆದು ಹಳೆಯ ಪಟ್ಟಿ ಬಿಚ್ಚುವುದು. ಅಂಟಿಕೊಂಡಿದ್ದರೆ ಎಳೆಯದೆ ಅದೇ ನೀರು ಬಿಟ್ಟು ನೆನೆಸುವುದು. ಗಾಯದ ತಳದಲ್ಲಿ ದಾಳಿಂಬೆ ಕಾಳಿನಂತೆ ಕೆಂಪಗೆ ಏಳುವ ಹೊಸ ಮಾಂಸ ಒಟ್ಲುಪಾತಿಯ ಸಸಿಯ ಹಾಗೆ. ಒಣಗಿದ ಬಟ್ಟೆಯನ್ನು ಕಿತ್ತರೆ ಪೈರೆಲ್ಲ ಬೇರುಸಹಿತ ಬಂದಂತೆ. ಬಿಚ್ಚಿದ ಮೇಲೆ ಮತ್ತೆ ಕೈ ತೊಳೆದು, ಗಾಯ ತೊಳೆದು, ಆಸ್ಪತ್ರೆಯ ಶುದ್ಧವಾದ ಪಟ್ಟಿ ಕಟ್ಟುವುದು. ಹಳೆಯದನ್ನು ಸುಡುವುದು.

"ಗಾಳಿಗೆ ಬಿಡಬಾರದೇ, ಬೇಗ ಒಣಗೀತು" ಎಂದು ನೆರೆಹೊರೆಯವರು ಕೇಳುತ್ತಿದ್ದರು. ಒಣಗುವುದು ಬೇರೆ, ಮಾಯುವುದು ಬೇರೆ. ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಹಂದಿಗಳ ಮೇಲೆ ಪರೀಕ್ಷೆ ಮಾಡಿ 1962ರಲ್ಲಿ ಪ್ರಕಟಿಸಿದ್ದೇನೆಂದರೆ, ಹಕ್ಕಳೆ ಕಟ್ಟಲು ಬಿಟ್ಟ ಗಾಯಕ್ಕಿಂತ ತೇವ ಆರದಂತೆ ಮುಚ್ಚಿದ ಗಾಯದ ಮೇಲೆ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು. ಹದ ತಪ್ಪಿದ ನೆಲದಲ್ಲಿ ಬೇರು ಹಬ್ಬುವುದುಂಟೇ? ಹಾಗೆಂದು ಕೆಸರಾಗಲೂ ಕೂಡದು. ಪಟ್ಟಿ ಸೋರಿ ನೆನೆದರೆ ಬದಲಿಸಬೇಕು. ಗದ್ದೆಯ ನೀರಿಗಂತೂ ಗಾಯವಿರುವ ಕಾಲನ್ನು ಇಡಲೇಬೇಡಿ. ಇಲಿಜ್ವರದ ಕ್ರಿಮಿ ಒಳಹೊಗುವುದು ಅಂಥ ಬಿರುಕಿನಿಂದಲೇ.

ಮದ್ದಿನ ಗುಳಿಗೆ ಒಡೆದು ಪುಡಿ ಉದುರಿಸುವ ಹೊಸ ಚಟವನ್ನೂ ಬಿಡಿ. ಗುಳಿಗೆ ಹೊಟ್ಟೆಗೆ, ವೈದ್ಯರು ಹೇಳಿದಷ್ಟು ದಿನ. ಅರಿಶಿನ ಸಾರಿನಲ್ಲಿರಲಿ, ತೆರೆದ ಗಾಯಕ್ಕೆ ಹಾಕಿದರೆ ಕೀವೋ ಕೆಂಪೋ ಬಣ್ಣವೇ ತಿಳಿಯದು.

ಪಥ್ಯದ ಹೆಸರಿನಲ್ಲಿ ಆಗುವ ಅನ್ಯಾಯ ಇನ್ನೂ ದೊಡ್ಡದು. ಬೇಳೆ ತಿಂದರೆ ಕೀವಾಗುತ್ತದೆ, ಮೊಟ್ಟೆ ನಂಜು ಎಂದು ಗಾಯಗೊಂಡವನಿಗೆ ಬರಿ ಗಂಜಿ ಕೊಡುತ್ತಾರೆ. ಹೊಸ ಮಾಂಸ ಬೆಳೆಯುವುದು ಬೇಳೆ, ಹುರುಳಿ, ಕಡಲೆಕಾಯಿ, ಹಾಲು, ಮೊಟ್ಟೆ, ಮೀನುಗಳ ಸಾರದಿಂದ. ನೆಲ್ಲಿಕಾಯಿ, ಸೀಬೆ, ನುಗ್ಗೆಸೊಪ್ಪು ಜೊತೆಗಿರಲಿ. ಮೇಲುಗೊಬ್ಬರವಿಲ್ಲದೆ ಬೆಳೆ ಕೇಳುವವರು ನೀವಲ್ಲ. ಬೀಡಿ ಸೇದಿದರೆ ಸಣ್ಣ ರಕ್ತನಾಳಗಳು ಕುಗ್ಗಿ, ಬದುವಿನಾಚೆ ನೀರು ಹರಿಯದಂತೆ ಗಾಯಕ್ಕೆ ರಕ್ತ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಯವರು ಮದ್ದು ತಪ್ಪಿಸಿದರೆ ಎಷ್ಟು ಪಟ್ಟಿ ಕಟ್ಟಿದರೂ ವ್ಯರ್ಥ.

ಮೊದಲ ಮೂರು ನಾಲ್ಕು ದಿನ ಅಂಚು ಸ್ವಲ್ಪ ಕೆಂಪಾಗಿ ಊದಿರುವುದು ಸಹಜ. ಆಮೇಲೆ ಇಳಿಯಬೇಕು. ಇಳಿಯದೆ ಕೆಂಪು ಹರಡಿದರೆ, ಕೆಂಪು ಗೆರೆ ಮೇಲಕ್ಕೆ ಹತ್ತಿದರೆ, ಕೀವು, ದುರ್ವಾಸನೆ, ಜ್ವರ, ಹೆಚ್ಚುವ ನೋವು, ಕಪ್ಪಾಗುವ ಚರ್ಮ ಕಂಡರೆ ಅಂದೇ ಆಸ್ಪತ್ರೆಗೆ. ಸಕ್ಕರೆ ಕಾಯಿಲೆಯವರು ನೋವನ್ನು ನಂಬಿ ಕೂರಬಾರದು. ದಿನಾ ಸಂಜೆ ಕಾಲು ತೊಳೆದು, ಬೆರಳ ಸಂದು ಒರೆಸಿ, ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಬೇಕು.

ಮೇಲೆ ಚರ್ಮ ಮುಚ್ಚಿತೆಂದು ಮೂಟೆ ಹೊರಲು ಓಡಬೇಡಿ. ಮೂರು ವಾರಕ್ಕೆ ಹೊಸ ಚರ್ಮದ ಗಟ್ಟಿತನ ಹಳೆಯದರ ಐದನೆಯ ಒಂದು ಭಾಗದಷ್ಟು ಮಾತ್ರ. ತಿಂಗಳುಗಳು ಕಳೆದರೂ ನೂರಕ್ಕೆ 80ಕ್ಕಿಂತ ಮೇಲೇರುವುದಿಲ್ಲ.

ಆ ಹಿರಿಯರ ಗಾಯ ಮಾಯಲು ನಾಲ್ಕು ತಿಂಗಳು ಹಿಡಿಯಿತು. ಪಾದ ಉಳಿಯಿತು. ಈಗ ಅವರು ಮೆತ್ತನೆಯ ಅಟ್ಟೆಯ ಬೂಟು ಹಾಕಿಕೊಂಡೇ ಗದ್ದೆಯ ಬದುವಿನ ಮೇಲೆ ನಿಲ್ಲುತ್ತಾರೆ. ನಾನು ಹೋದಾಗಲೆಲ್ಲ ಬೂಟಿನೊಳಗೆ ಮಣ್ಣು ಸೇರುತ್ತದೆಂದು ಗೊಣಗುತ್ತಾರೆ. ಸೊಸೆ ಒಳಗಿನಿಂದಲೇ, "ಹಾಕಿಕೊಳ್ಳುವ ಮೊದಲು ಕೊಡವಿದಿರಾ?" ಎಂದು ಕೇಳುತ್ತಾಳೆ.