ಕಿಟಕಿಯ ಗಾಜೂ ಆರ್ಕಿಡ್ ಗಿಡವೂ

ಖಾನಾಪುರದ ಕಾಡುಗಳಲ್ಲಿ ಮರದ ಕೊಂಬೆಯನ್ನಪ್ಪಿ ಬೆಳೆಯುವ ಸೀತಾಳೆ ದಂಡೆಯನ್ನು ವಾಚಕರಲ್ಲಿ ಹಲವರು ನೋಡಿರಬಹುದು. ಇದು ಆರ್ಕಿಡ್ ಕುಟುಂಬಕ್ಕೆ ಸೇರಿದ ಸಸ್ಯ. ಮರದಿಂದ ಆಹಾರವನ್ನು ಹೀರದೆ, ಎಲೆಗಳ ನಡುವೆ ಸೋಸಿ ಬರುವ ಬೆಳಕಿನ ನೆರವಿನಿಂದ ತನ್ನ ಆಹಾರವನ್ನು ತಾನೇ ತಯಾರಿಸಿಕೊಳ್ಳುತ್ತದೆ. ಇದರ ಬಂಧುಗಳಾದ ನರ್ಸರಿಯ ಆರ್ಕಿಡ್‌ಗಳನ್ನು ಬೆಳಗಾವಿಯ ಮನೆಗಳಲ್ಲಿ ಕಿಟಕಿಯ ಬಳಿ ಇಟ್ಟು ಬೆಳೆಸುವವರುಂಟು. ಎಲೆ ಹಸುರಾಗಿದ್ದೂ ಗಿಡವು ಹೂ ಬಿಡದಿದ್ದರೆ, ಗಾಜು ಬಿಸಿಲಿನ ಸತ್ತ್ವವನ್ನು ತಡೆಯಿತೆಂದು ದೂರುವುದು ವಾಡಿಕೆ. ಈ ದೂರು ಎಷ್ಟರಮಟ್ಟಿಗೆ ಸರಿಯೆಂಬುದನ್ನು ವಿಚಾರಿಸೋಣ.

ಗಾಜಿನ ಮೇಲೆ ಲಂಬವಾಗಿ ಬಿದ್ದ ಬೆಳಕು ಅದರ ಒಂದೊಂದು ಮೈಯಲ್ಲಿಯೂ ಶೇಕಡ 4ರಷ್ಟು ಪ್ರತಿಫಲಿಸುತ್ತದೆ. ಮೈಗಳು ಎರಡಾದುದರಿಂದ ನಷ್ಟವು ಸುಮಾರು 8. ಗಾಜು ಹೀರಿಕೊಳ್ಳುವುದನ್ನು ಕಳೆದರೂ, ಶುಭ್ರವಾದ ಸಾಧಾರಣ ಗಾಜಿನ ಮೂಲಕ ಶೇಕಡ 90ರಷ್ಟು ಬೆಳಕು ಒಳಬರುತ್ತದೆ. ಕಿರಣ ಓರೆಯಾದಂತೆ ನಷ್ಟ ಹೆಚ್ಚುವುದು. ಪತನಕೋನ 60 ಡಿಗ್ರಿಯಾದಾಗ ಪ್ರತಿಫಲನವೇ ಸುಮಾರು 16. ಗಾಜು ಬಹುಮಟ್ಟಿಗೆ ತಡೆಯುವುದು ಅತಿನೇರಳೆಯ ಕಿರಿಯ ಅಲೆಗಳನ್ನು. ದ್ಯುತಿಸಂಶ್ಲೇಷಣೆಗೆ ಬೇಕಾದ ಕೆಂಪು, ನೀಲಿ ಬೆಳಕನ್ನಲ್ಲ. ಬಣ್ಣದ ಗಾಜಿನ ಮಾತು ಬೇರೆ.

ಹಾಗಾದರೆ ಬೆಳಕು ಹೋದುದೆಲ್ಲಿಗೆ? ಅದನ್ನು ತಡೆದುದು ಗಾಜಲ್ಲ, ಗೋಡೆ ಮತ್ತು ಚಾವಣಿ. ಬಯಲಿನ ಗಿಡಕ್ಕೆ ಇಡೀ ಆಕಾಶವೇ ದೀಪ. ಕಿಟಕಿಯ ಗಿಡಕ್ಕೆ ಅದರ ಅರ್ಧವೂ ಕಾಣದು. ಕಿಟಕಿಯ ಅಗಲಕ್ಕಿಂತ ಬಹಳ ದೂರ ಸರಿದ ಮೇಲೆ, ದೂರ ಎರಡರಷ್ಟಾದರೆ ಬೆಳಕು ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ನಮ್ಮ ಕಣ್ಣು ಮಂದ ಬೆಳಕಿಗೂ ಹೊಂದಿಕೊಳ್ಳುವುದರಿಂದ ಈ ಕೊರತೆ ನಮಗೆ ತಿಳಿಯುವುದಿಲ್ಲ, ಗಿಡಕ್ಕೆ ತಿಳಿಯುತ್ತದೆ.

ದಿಕ್ಕನ್ನೂ ಗಮನಿಸಬೇಕು. ಬೆಳಗಾವಿ ಇರುವುದು ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ 21ರ ನಡುಹಗಲು ಸೂರ್ಯನು ನೆತ್ತಿಯಿಂದ ಉತ್ತರಕ್ಕೇ ಇರುವುದರಿಂದ ದಕ್ಷಿಣದ ಕಿಟಕಿಗೆ ನೇರ ಬಿಸಿಲಿಲ್ಲ. ಡಿಸೆಂಬರ್ 22ರಂದು ಅವನು ದಕ್ಷಿಣದಲ್ಲಿ ಸುಮಾರು 51 ಡಿಗ್ರಿ ಎತ್ತರದಲ್ಲಿದ್ದು ಬಿಸಿಲು ಒಳಬೀಳುತ್ತದೆ. ಪೂರ್ವದ ಕಿಟಕಿಗೆ ಬೆಳಗಿನ ಎಳೆಬಿಸಿಲು ದೊರೆಯುವುದು. ಆರ್ಕಿಡ್‌ಗೆ ಅದು ಹಿತ. ಆದರೆ ಎಲೆ ಗಾಜಿಗೆ ತಾಗಬಾರದು. ಗಾಳಿಯಾಡದೆ ಕಾದು ಸುಡಬಹುದು.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಮೋಡಗಳ ಓಡಾಟವಿಲ್ಲದ ದಿನ, ಮೊಬೈಲ್ ಫೋನಿನ ಬೆಳಕುಮಾಪಕವನ್ನು ಕಿಟಕಿಯತ್ತ ತಿರುಗಿಸಿ ಗಾಜು ಮುಚ್ಚಿದಾಗ ಒಮ್ಮೆ, ತೆರೆದಾಗ ಒಮ್ಮೆ ಅಳೆಯಿರಿ. ಗಾಜಿನ ಧೂಳನ್ನು ಒರೆಸಿ ಮತ್ತೆ ಅಳೆಯಿರಿ. ಅನಂತರ ಎರಡು ಹೆಜ್ಜೆ ಹಿಂದೆ ಸರಿದು ಅಳೆಯಿರಿ. ಯಾವ ನಷ್ಟ ದೊಡ್ಡದೆಂಬುದು ಅಂಕಿಗಳಿಂದಲೇ ತಿಳಿಯುವುದು.

ಪ್ರಯೋಗಕ್ಕೆಂದು ಕಾಡಿನ ಗಿಡವನ್ನು ಕೀಳಬೇಡಿ. ಖಾನಾಪುರದ ಭೀಮಗಡ 2011ರಿಂದ ವನ್ಯಜೀವಿಧಾಮ. ಅಲ್ಲಿಯ ಸೀತಾಳೆ ದಂಡೆಗೆ ಬೇಕಾದಷ್ಟು ಆಕಾಶವನ್ನು ನಮ್ಮ ಕಿಟಕಿ ಕೊಡಲಾರದು.