ಇಣ ಸುತ್ತ ಮತ್ತು ನಮ್ಮ ಗುಳೆ

ಯಾದಗಿರಿ, ಶಹಾಪುರ, ಸುರಪುರದ ಉಪಾಸಕ ಉಪಾಸಿಕೆಯರೇ, ಇಂದಿನ ಓದಿಗೆ ಅಂಗುತ್ತರ ನಿಕಾಯದ ಒಂದು ಸಣ್ಣ ಸುತ್ತ. ಹೆಸರು ಇಣ ಸುತ್ತ. ಪಾಳಿಯ ‘ಇಣ’ ಅಂದರೆ ಋಣ, ನಮ್ಮ ಮಾತಿನಲ್ಲಿ ಸಾಲ.

ಭಗವಾನರು ಇದರಲ್ಲಿ ಸಂಸಾರಿಗಳ ಕಷ್ಟವನ್ನು ಒಂದರ ಹಿಂದೊಂದು ಹೇಳುತ್ತಾ ಹೋಗುತ್ತಾರೆ. ಬಡತನ ದುಃಖ. ಬಡವ ಸಾಲ ಮಾಡುತ್ತಾನೆ, ಅದೂ ದುಃಖ. ಬಡ್ಡಿಗೆ ಒಪ್ಪುತ್ತಾನೆ. ಕಟ್ಟಲಾಗದಾಗ ಕೇಳಲು ಬರುತ್ತಾರೆ, ಆಮೇಲೆ ಬೆನ್ನು ಹತ್ತುತ್ತಾರೆ, ಕೊನೆಗೆ ಕಟ್ಟಿಹಾಕುತ್ತಾರೆ. ಇಷ್ಟು ಹೇಳಿ, ಇದನ್ನೇ ಹೋಲಿಕೆಯಾಗಿಟ್ಟುಕೊಂಡು ಶ್ರದ್ಧೆ, ಲಜ್ಜೆ, ಪ್ರಯತ್ನ, ಪ್ರಜ್ಞೆ ಇಲ್ಲದವನ ಒಳಗಿನ ಬಡತನವನ್ನು ವಿವರಿಸುತ್ತಾರೆ. ಪ್ರವಚನ ಮಾಡುವವರು ಸಾಮಾನ್ಯವಾಗಿ ಈ ಎರಡನೇ ಭಾಗ ಹಿಡಿದು ಮೊದಲನೆಯದನ್ನು ದಾಟಿಬಿಡುತ್ತಾರೆ. ನಾವು ಹಾಗೆ ದಾಟುವಂತಿಲ್ಲ. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆಯದು. ನೀತಿ ಆಯೋಗ 2021ರಲ್ಲಿ ಹೊರತಂದ ಬಹು ಆಯಾಮದ ಬಡತನ ಸೂಚ್ಯಂಕದಲ್ಲೂ ಕರ್ನಾಟಕದ ಅತಿ ಬಡ ಜಿಲ್ಲೆ ನಮ್ಮದೇ.

ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುರಪುರ ತಾಲ್ಲೂಕಿನ ಯಾವ ಊರಾದರೂ ಆದೀತು. ಗಂಡ ಹೆಂಡತಿ, ಮೂರು ಮಕ್ಕಳು, ಕಣ್ಣು ಮಂಜಾದ ಒಬ್ಬ ಮುದುಕಿ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಊರಿನ ಹೊಲಕ್ಕೆ ಬಂದಿದೆ, ಆದರೆ ಹೊಲ ಇವರದಲ್ಲ. ಭತ್ತದ ನಾಟಿ, ಹತ್ತಿ ಬಿಡಿಸುವ ಕೂಲಿ ಇದ್ದಷ್ಟು ದಿನ ಒಲೆ ಉರಿಯುತ್ತದೆ. ಹೆರಿಗೆ ತೊಡಕಾಗಿ ಖಾಸಗಿ ದವಾಖಾನೆಗೆ ಓಡಿದಾಗ ಕೈಸಾಲ. ಕೈಸಾಲ ತೀರಿಸಲು ಸಂಘದ ಸಾಲ. ಸಂಘದ ವಾರದ ಕಂತಿಗೆ ಮೇಸ್ತ್ರಿಯಿಂದ ಮುಂಗಡ. ಮುಂಗಡ ಕೈಗೆ ಬಂದ ಮೇಲೆ ಬೆಂಗಳೂರಿಗೋ ಪುಣೆಗೋ ಗುಳೆ. ಕೂಸನ್ನು ನೋಡಿಕೊಳ್ಳಲು ದೊಡ್ಡ ಮಗಳೂ ಹೋಗುತ್ತಾಳೆ. ಯುಗಾದಿಗೆ ತಿರುಗಿ ಬರುವ ಹೊತ್ತಿಗೆ ಶಾಲೆಯಲ್ಲಿ ಪರೀಕ್ಷೆ. ಎರಡು ವರ್ಷ ಹೀಗಾದರೆ ಆಕೆಗೆ ಶಾಲೆ ಬೇಡ ಅನಿಸುತ್ತದೆ, ಮನೆಯವರಿಗೆ ಮದುವೆ ಮಾಡಿದರಾಯಿತು ಅನಿಸುತ್ತದೆ.

ಸುತ್ತದಲ್ಲಿ ಹೇಳಿದ ಕ್ರಮ ಇಲ್ಲಿ ಹಾಗೇ ಇದೆ ನೋಡಿ. ಕಟ್ಟಿಹಾಕಲು ಈಗ ಹಗ್ಗ ಬೇಕಿಲ್ಲ, ಮುಂಗಡ ಸಾಕು.

ಈ ಮನೆಗೆ ನಾವು ಕೊಡುವುದೇನು? ಏಪ್ರಿಲ್ 14ಕ್ಕೆ ಮಕ್ಕಳಿಗೆ ನೋಟ್‌ಬುಕ್. ಕೊಡುವುದು ತಪ್ಪಲ್ಲ. ಆದರೆ ಪುಸ್ತಕ ಮಗಳಿಗೆ ತಲುಪುತ್ತದೆ, ಸಾಲ ತಂದೆಯ ತಲೆಯ ಮೇಲೇ ಉಳಿಯುತ್ತದೆ, ತಾಯಿಯ ರಕ್ತಹೀನತೆ ಹಾಗೇ ಇರುತ್ತದೆ. ಸರ್ಕಾರದ ಇಲಾಖೆಗಳೂ ಹೀಗೇ ಮನೆಯನ್ನು ಹೋಳು ಮಾಡಿ ನೋಡುತ್ತವೆ.

ಬಾಬಾಸಾಹೇಬರ ಬದುಕಿನಲ್ಲೇ ಇದಕ್ಕೆ ಸಾಕ್ಷಿಯಿದೆ. ಬರೋಡಾದ ಸಯಾಜಿರಾವ್ ಮಹಾರಾಜರ ವಿದ್ಯಾರ್ಥಿವೇತನದಿಂದ ಅವರು 1913ರಲ್ಲಿ ಕೊಲಂಬಿಯಾಕ್ಕೆ ಹೋದರು. ಆ ಹಣ ಒಬ್ಬ ವಿದ್ಯಾರ್ಥಿಯ ಓದಿಗೆ ಬಂದದ್ದು. ಮುಂಬೈಯಲ್ಲಿ ಉಳಿದ ಮಾತೆ ರಮಾಬಾಯಿ ಕಡುಬಡತನದಲ್ಲೇ ಮನೆ ನಡೆಸಿದರು. ಆ ವರ್ಷಗಳಲ್ಲೂ ಆಮೇಲೂ ಒಟ್ಟು ನಾಲ್ಕು ಮಕ್ಕಳನ್ನು ಮಣ್ಣಿಗಿಟ್ಟರು, 1935ರಲ್ಲಿ ತಾವೂ ತೀರಿಕೊಂಡರು. ವಿದ್ಯಾರ್ಥಿವೇತನದ ಮಹಿಮೆಯನ್ನು ನಾವು ವೇದಿಕೆಯ ಮೇಲೆ ಬಹಳ ಹೇಳುತ್ತೇವೆ. ಅದರ ಉಳಿದ ಬೆಲೆಯನ್ನು ತೆತ್ತ ಆ ತಾಯಿಯ ಮಾತು ಅಷ್ಟು ಬರುವುದಿಲ್ಲ.

ಇಡೀ ಮನೆಯನ್ನು ಒಟ್ಟಿಗೆ ಹಿಡಿದೆತ್ತುವ ಪ್ರಯತ್ನವನ್ನು ಬಾಂಗ್ಲಾದೇಶದಲ್ಲಿ ಬ್ರ್ಯಾಕ್ ಸಂಸ್ಥೆ 2002ರಲ್ಲಿ ಶುರು ಮಾಡಿತು. ಕಡುಬಡ ಹೆಣ್ಣುಮಗಳಿಗೆ ಆಡು ಅಥವಾ ಹಸು. ಅದು ಆದಾಯ ಕೊಡುವವರೆಗೆ ಹೊಟ್ಟೆಗೆ ಸ್ವಲ್ಪ ಹಣ, ಇಲ್ಲದಿದ್ದರೆ ಹಸಿದವರು ಆಡನ್ನೇ ಮಾರುತ್ತಾರೆ. ಜೊತೆಗೆ ತರಬೇತಿ, ಉಳಿತಾಯ, ಆರೋಗ್ಯದ ನೆರವು. ಮತ್ತೆ ಸುಮಾರು ಎರಡು ವರ್ಷ ಮನೆಗೆ ಬಂದು ವಿಚಾರಿಸುವ ಒಬ್ಬರು. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತವರ ಜೊತೆಗಾರರು ಭಾರತವೂ ಸೇರಿ ಆರು ದೇಶಗಳ ಸುಮಾರು 10,500 ಮನೆಗಳಲ್ಲಿ ಇದನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ನೆರವು ನಿಂತು ಒಂದು ವರ್ಷವಾದರೂ ಆ ಮನೆಗಳು ಒಟ್ಟಾರೆ ಮುಂದಿದ್ದವು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷದ ನಂತರ ನೋಡಿದಾಗಲೂ ಗುಣ ಉಳಿದಿತ್ತು.

ಕೋಲಿಯರ ದೀಘಜಾಣುವಿಗೆ ಭಗವಾನರು ಹೇಳಿದ ನಾಲ್ಕು ಮಾತು ಇಲ್ಲಿ ನೆನಪಾಗುತ್ತವೆ: ದುಡಿಮೆ, ದುಡಿದದ್ದರ ರಕ್ಷಣೆ, ಕಲ್ಯಾಣಮಿತ್ರರು, ಆದಾಯಕ್ಕೆ ತಕ್ಕ ಬಾಳುವೆ. ಆಡು ಕೊಡಿಸುವ ಹಣ ನಮ್ಮ ಅಧ್ಯಯನ ಬಳಗದಲ್ಲಿಲ್ಲ. ಮೂರನೆಯದನ್ನು ಕೊಡಲು ಮಾತ್ರ ದುಡ್ಡು ಬೇಡ. ಇಬ್ಬರು ಸೇರಿ ಒಂದು ಮನೆ, ಎರಡು ವರ್ಷ, ವಾರಕ್ಕೊಮ್ಮೆ ಹೋಗಿ ಕೂರುವುದು. ಸನ್ನತಿಗೆ ಹೋಗಿ ಫೋಟೊ ತೆಗೆಸಿಕೊಳ್ಳುವಷ್ಟೇ ಉಮೇದು ಇದಕ್ಕೂ ಬರಲಿ.

ಹೋದಾಗ ಮೊದಲು ಪ್ರವಚನ ಬೇಡ. ಆಳವಿಯಲ್ಲಿ ಎತ್ತು ಹುಡುಕಿ ಹಸಿದು ಬಂದ ರೈತನಿಗೆ ಭಗವಾನರು ಮೊದಲು ಊಟ ಬಡಿಸಿಸಿದರು, ಧಮ್ಮ ಆಮೇಲೆ. ಕೆಲವು ಭಿಕ್ಖುಗಳು ಗೊಣಗಿದರಂತೆ, ನಮ್ಮಲ್ಲೂ ಗೊಣಗುವವರು ಇದ್ದೇ ಇರುತ್ತಾರೆ.

ಮನೆಯವರ ಜೊತೆ ಕೂತು ಒಂದು ಹಾಳೆಯ ಮೇಲೆ ಎಲ್ಲ ಸಾಲ ಬರೆಯಿರಿ: ಯಾರಿಗೆ, ಎಷ್ಟು, ಬಡ್ಡಿ ಎಷ್ಟು. ಎಷ್ಟೋ ಮನೆಗಳಲ್ಲಿ ಗಂಡನ ಸಾಲ ಹೆಂಡತಿಗೆ, ಹೆಂಡತಿಯ ಸಂಘ ಗಂಡನಿಗೆ ಪೂರ್ತಿ ಗೊತ್ತಿರುವುದಿಲ್ಲ. ವಸೂಲಿಗೆ ಬಂದವರು ಬೆದರಿಸಿದರೆ ಅದು ಅಪರಾಧ ಎಂದು ರಾಜ್ಯ 2025ರಲ್ಲೇ ಕಾನೂನು ಮಾಡಿದೆ, ಅದನ್ನು ತಿಳಿಸಿ. ಜಾತಿ, ಆದಾಯ ಪ್ರಮಾಣಪತ್ರ ಇದೆಯೇ ನೋಡಿ, ಅವಿಲ್ಲದೆ ವಿದ್ಯಾರ್ಥಿವೇತನ ಬರುವುದಿಲ್ಲ. ಧರ್ಮದ ಕಾಲಂನಲ್ಲಿ ಬೌದ್ಧ ಎಂದು ಬರೆದರೆ ಮೀಸಲಾತಿ ಹೋಗುತ್ತದೆ ಎಂಬ ಅಂಜಿಕೆ ಇನ್ನೂ ಇದೆ. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟ ಜಾತಿಯವರಿಗೂ ಆ ಹಕ್ಕು ಇದೆ.

ಕೊನೆಗೆ ಗುಳೆ. “ಮಕ್ಕಳನ್ನ ಯಾರ ಹತ್ರ ಬಿಟ್ಟು ಹೋಗೋದ್ರಿ?” ಎಂದು ಆ ತಾಯಿ ಕೇಳಿದರೆ ನಮ್ಮ ಹತ್ತಿರ ಉತ್ತರ ಇರಬೇಕು. ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ಲಿನಲ್ಲಿ ಜಾಗವಿದೆಯೇ, ಮೊರಾರ್ಜಿ ದೇಸಾಯಿ ವಸತಿ ಶಾಲೆಯ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬಹುದೇ, ಮುದುಕಿಗೆ ಪಿಂಚಣಿ ಬರುತ್ತಿದೆಯೇ, ಆಕೆಯ ಜೊತೆ ಓಣಿಯಲ್ಲಿ ಯಾರು ಇರುತ್ತಾರೆ. ದೀಪಾವಳಿ ಮುಗಿದ ಮೇಲೆ ಕೇಳಿದರೆ ಬಸ್ಸು ಹೊರಟಿರುತ್ತದೆ. ಆದ್ದರಿಂದ ಈ ಭಾನುವಾರ ವಿಹಾರಕ್ಕೆ ಬರುವಾಗ ಪ್ರತಿಯೊಬ್ಬರೂ ನಿಮ್ಮ ಓಣಿಯಿಂದ ಈ ಸಲ ಗುಳೆ ಹೋಗುವ ಮನೆಗಳು ಎಷ್ಟು, ಅದರಲ್ಲಿ ಶಾಲೆಗೆ ಹೋಗುವ ಮಕ್ಕಳು ಎಷ್ಟು ಎಂದು ಎಣಿಸಿಕೊಂಡು ಬನ್ನಿ. ಮನೆಗಳನ್ನು ಅಲ್ಲೇ ಹಂಚಿಕೊಳ್ಳೋಣ.

ಜೈಭೀಮ್.