ಮುಖದ ಬಂಗು: ಕಾರಣ ಮತ್ತು ಚಿಕಿತ್ಸೆ

ಮಂಗಳೂರಿನ ಧಕ್ಕೆಯಲ್ಲಿ ಮೀನು ಮಾರುವ, ಸುತ್ತಲಿನ ಗದ್ದೆ ತೋಟಗಳಲ್ಲಿ ದುಡಿಯುವ ಹೆಂಗಸರ ಕೆನ್ನೆ, ಹಣೆ, ಮೇಲ್ದುಟಿಯ ಮೇಲೆ ಕಂದು ಕಲೆಗಳು ಕಾಣಿಸುವುದುಂಟು. ಇದೇ ಬಂಗು. ಇದು ಅಂಟುರೋಗವಲ್ಲ, ನೋವು, ತುರಿಕೆ ಇರುವುದಿಲ್ಲ.

ಕಾರಣ: ಚರ್ಮಕ್ಕೆ ಬಣ್ಣ ಕೊಡುವ ವಸ್ತು ಮೆಲನಿನ್. ಬಿಸಿಲು ತಾಗಿದಾಗ ಇದು ಹೆಚ್ಚಾಗಿ ಉತ್ಪತ್ತಿಯಾಗುತ್ತದೆ. ಬಸಿರು, ಗರ್ಭನಿರೋಧಕ ಗುಳಿಗೆ, ವಂಶಗುಣವೂ ಕಾರಣಗಳೇ. ಹೆರಿಗೆಯ ನಂತರ ಕೆಲವರಲ್ಲಿ ಕಲೆ ತಾನಾಗಿ ತಿಳಿಯಾಗುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಚರ್ಮ ಸುಟ್ಟು ಉಳಿಯುವ ಕಪ್ಪು ಕಲೆ ಬಂಗಲ್ಲ.

ಚಿಕಿತ್ಸೆ: ಬಿಸಿಲಿನಿಂದ ರಕ್ಷಣೆಯೇ ಮೊದಲ ಮದ್ದು. ಹಾಳೆಯ ಮುಟ್ಟಾಳೆ ತಲೆಯನ್ನು ಕಾಯುತ್ತದೆ, ಕೆನ್ನೆಗೆ ನೆರಳು ಕೊಡದು. ಅಗಲ ಅಂಚಿನ ಟೊಪ್ಪಿ ಅಥವಾ ಕೊಡೆ ಉತ್ತಮ. ಎಸ್.ಪಿ.ಎಫ್. 30ಕ್ಕೆ ಕಡಿಮೆಯಿಲ್ಲದ ಬಿಸಿಲು ತಡೆಯುವ ಲೇಪವನ್ನು ಹೊರಡುವ ಮೊದಲು ಹಚ್ಚಿ, ಬಿಸಿಲಿನಲ್ಲಿರುವಾಗ 2 ಗಂಟೆಗೊಮ್ಮೆ ಪುನಃ ಹಚ್ಚಬೇಕು. ಹೈಡ್ರೊಕ್ವಿನೋನ್ ಮುಂತಾದ ಮುಲಾಮುಗಳನ್ನು ವೈದ್ಯರು ಹೇಳಿದಷ್ಟೇ ದಿನ ಬಳಸಬೇಕು, ಬಸುರಿಯರು ಬಳಸಬಾರದು. ಗುಣ ಕಾಣಲು 2–3 ತಿಂಗಳು ಬೇಕು. ರಕ್ಷಣೆ ಬಿಟ್ಟರೆ ಕಲೆ ಮರಳುತ್ತದೆ.

ಎಚ್ಚರಿಕೆ: ಸ್ಟೀರಾಯ್ಡ್ ಬೆರೆತ ಮುಲಾಮು ಮೊದಲು ಮುಖವನ್ನು ಬೆಳ್ಳಗಾಗಿಸಿದರೂ, ದಿನ ಕಳೆದಂತೆ ಚರ್ಮ ತೆಳುವಾಗಿ, ಕೆಂಪಾಗಿ ಮೊಡವೆ ಏಳುತ್ತದೆ. ಇಂತಹ ಅನೇಕ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಪಾದರಸವಿರುವ ಕ್ರೀಮಿನಿಂದ ಮೂತ್ರಪಿಂಡಕ್ಕೆ ಹಾನಿ. ಲಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಲೆ ಹೆಚ್ಚುತ್ತದೆ.

ಮಚ್ಚೆಯ ಮೇಲೆ ಸ್ಪರ್ಶ ತಿಳಿಯದಿದ್ದರೆ ಅದು ಕುಷ್ಠವಿರಬಹುದು. ತಡಮಾಡದೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಾಗಲಿ, ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಾಗಲಿ ತೋರಿಸಬೇಕು.